ಪಿಟಿಪಿಎನ್22 ಜೀನ್ ಟೆಸ್ಟ್ ಮಾಡಿಸ್ಬೇಕೇನ್ರಿ? ಮಕ್ಕಳ ಟೈಪ್ 1 ಶುಗರ್ ಬಗ್ಗೆ ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟರ್ ಸಾಬ್ರ, ನಮ್ಮದು ಆಳಂದ ತಾಲ್ಲೂಕು. ಮಗಳಿಗಿ ಒಂಬತ್ತು ವರ್ಷ, ಹೋದ ವರ್ಷ ಟೈಪ್ 1 ಶುಗರ್ ಅಂತ ಗೊತ್ತಾಯ್ತು, ದಿನಾ ನಾಕು ಸಲ ಇನ್ಸುಲಿನ್ ಕೊಡ್ತೀವಿ. ನನಗ ಥೈರಾಯ್ಡ್ ಅದ. ನಮ್ಮ ಮೈದುನ ಹೈದರಾಬಾದಿನ್ಯಾಗ ಲ್ಯಾಬ್ ಕೆಲಸ ಮಾಡ್ತಾನ, ಅಂವ ಈ ಬ್ಯಾನಿ ಪಿಟಿಪಿಎನ್22 ಅನ್ನೋ ಜೀನಿನಿಂದ ಬರ್ತದ, ಸಣ್ಣ ಮಗನದೂ ಟೆಸ್ಟ್ ಮಾಡಿಸಿಬಿಡ್ರಿ ಅಂತಾನ. ಮಗನಿಗಿ ಐದು ವರ್ಷ. ರೊಕ್ಕ ಹೊಂದಿಸ್ಲಕತ್ತೀವಿ. ಮಾಡಿಸ್ಬೇಕೇನ್ರಿ?

ಉತ್ತರ: ಬ್ಯಾಡ ಅಕ್ಕಾರ, ಆ ಟೆಸ್ಟಿಗಿ ರೊಕ್ಕ ಹಾಕಬ್ಯಾಡ್ರಿ. ಮೊದಲಿಗೇ ಇದನ್ನ ಹೇಳಿಬಿಡ್ತೀನಿ ಯಾಕಂದ್ರ ನೀವು ರೊಕ್ಕ ಹೊಂದಿಸ್ಲಕತ್ತೀವಿ ಅಂತ ಬರ್ದೀರಿ, ಆ ರೊಕ್ಕ ಮಗಳ ಸ್ಟ್ರಿಪ್ಪಿಗಿ, ಇನ್ಸುಲಿನ್ನಿಗಿ ಬೇಕು. ಆದ್ರ ನಿಮ್ಮ ಮೈದುನ ಹೇಳಿದ್ದು ಪೂರಾ ಸುಳ್ಳೂ ಅಲ್ಲ, ಹಂಗಾಗಿ ಆ ಜೀನು ಏನು, ಅದು ಏನು ಮಾಡ್ತದ, ಯಾಕ ನಿಮ್ಮ ಮಗನಿಗಿ ಆ ರಿಪೋರ್ಟ್ ಉಪಯೋಗಕ್ಕ ಬರಲ್ಲ ಅನ್ನೋದನ್ನ ಸ್ವಲ್ಪ ಉದ್ದಕ್ಕ ಬರೀತೀನಿ, ಪುರಸೊತ್ತಾದಾಗ ಓದ್ರಿ.

ಟೈಪ್ 1 ಅಂದ್ರ ಸಕ್ಕರಿ ತಿಂದದ್ದಕ್ಕ ಬಂದದ್ದಲ್ಲ. ಜಡ್ಡಿನ ಜೋಡಿ ಹೊಡದಾಡ್ಬೇಕಾದ ನಮ್ಮದೇ ಬಿಳಿ ರಕ್ತಕಣಗಳು, ಅದರಾಗೂ ಟಿ ಸೆಲ್ ಅಂತಾರಲ್ಲ ಅವು, ಮೇದೋಜೀರಕ ಗ್ರಂಥಿಯೊಳಗ ಇನ್ಸುಲಿನ್ ತಯಾರು ಮಾಡೋ ಬೀಟಾ ಕಣಗಳನ್ನೇ ವೈರಿ ಅಂತ ತಿಳ್ಕೊಂಡು ಹಾಳು ಮಾಡ್ತಾವ. ಇದಕ್ಕ ಆಟೋಇಮ್ಯೂನ್ ಅಂತಾರ. ಈಗ ಒಂದು ಟಿ ಸೆಲ್ಲಿಗಿ ಇದು ವೈರಿ, ಏಳು ಅಂತ ಹೇಳೋರು ಯಾರು? ಅದರ ಮೈ ಮ್ಯಾಲ ಒಂದು ರಿಸೆಪ್ಟರ್ ಇರ್ತದ, ಅದಕ್ಕ ಏನರ ಬಂದು ಅಂಟ್ಕೊಂಡ್ರ ಒಳಗ ಸಿಗ್ನಲ್ ಹೋಗ್ತದ, ಎಲ್‌ಸಿಕೆ, ಜ್ಯಾಪ್-70 ಅನ್ನೋ ಎಂಜೈಮುಗಳು ಒಂದರ ಮ್ಯಾಲ ಒಂದು ಫಾಸ್ಫೇಟ್ ಕೂಡಿಸ್ಕೋತ ಆ ಸಿಗ್ನಲ್ಲನ್ನ ಮುಂದ ಒಯ್ತಾವ. ಹಿಂಗ ನಡೀತಾನೇ ಇದ್ರ ಕೆಲಸ ಕೆಡ್ತದ, ಎಲ್ಲೋ ಒಂದು ಕಡಿ ನಿಲ್ಲಿಸ್ಬೇಕಲ್ಲ. ಆ ನಿಲ್ಲಿಸೋ ಬ್ರೇಕೇ ಲಿಪ್ ಅನ್ನೋ ಎಂಜೈಮು, ಅದು ಕೂಡಿಸಿದ ಫಾಸ್ಫೇಟನ್ನ ಕಿತ್ತು ತೆಗೀತದ. ಆ ಲಿಪ್ಪನ್ನ ಮಾಡಿಸೋ ಜೀನಿನ ಹೆಸರೇ ಪಿಟಿಪಿಎನ್22, ನಮ್ಮ ಒಂದನೇ ಕ್ರೋಮೋಸೋಮಿನ ಮ್ಯಾಲ ಇರ್ತದ, ನಿಮ್ಮೊಳಗೂ ಅದ ನನ್ನೊಳಗೂ ಅದ, ಎಲ್ಲರೊಳಗೂ ಅದ. ಜೀನ್ ಇರೋದು ದೋಷ ಅಲ್ಲ.

2004ರಾಗ ನುಂಜಿಯೋ ಬೊಟ್ಟೀನಿ, ತೋಮಾಸ್ ಮುಸ್ಟೆಲಿನ್ ಅನ್ನೋ ವಿಜ್ಞಾನಿಗಳ ತಂಡ ಉತ್ತರ ಅಮೆರಿಕ ಮತ್ತ ಇಟಲಿಯ ಸಾರ್ಡೀನಿಯಾ ದ್ವೀಪದ ಟೈಪ್ 1 ರೋಗಿಗಳ ಡಿಎನ್‌ಎ ನೋಡಿ ಒಂದು ವಿಷಯ ಹೊರಗ ತಂತು. ಈ ಜೀನಿನ 1858ನೇ ಜಾಗದಾಗ ಸಿ ಅನ್ನೋ ಡಿಎನ್‌ಎ ಅಕ್ಷರ ಇರೋ ಕಡಿ ಕೆಲವರಲ್ಲಿ ಟಿ ಇರ್ತದ. ಅಷ್ಟಕ್ಕ ಪ್ರೋಟೀನಿನ 620ನೇ ಜಾಗದಾಗ ಆರ್ಜಿನೀನ್ ಅನ್ನೋ ಅಮೈನೋ ಆಸಿಡ್ ಹೋಗಿ ಟ್ರಿಪ್ಟೋಫ್ಯಾನ್ ಅನ್ನೋದು ಬರ್ತದ, ಮತ್ತ ಆ ಜಾಗ ಹೆಂಗದ ಅಂದ್ರ ಲಿಪ್ ಅಲ್ಲೇ ಸಿಎಸ್‌ಕೆ ಅನ್ನೋ ತನ್ನ ಜೋಡಿ ಎಂಜೈಮನ್ನ ಹಿಡ್ಕೊಂಡಿರ್ತದ, ಅಕ್ಷರ ಬದಲಾದವರಲ್ಲಿ ಆ ಹಿಡಿತ ಸಡಿಲಾಗ್ತದ. ಟೈಪ್ 1 ಇರೋರಲ್ಲಿ ಈ ಟಿ ಅಕ್ಷರ ಉಳಿದವರಿಗಿಂತ ಜಾಸ್ತಿ ಕಂಡಿತ್ತು. ಅದೇ ವರ್ಷ ಸಂಧಿವಾತಕ್ಕೂ, ಅಂದ್ರ ರುಮಟಾಯ್ಡ್ ಆರ್ಥ್ರೈಟಿಸಿಗೂ, ಇದೇ ಬದಲಾವಣಿಗೂ ನಂಟು ಅದ ಅಂತ ಬ್ಯಾರೆ ತಂಡ ತೋರಿಸ್ತು, ಆಮ್ಯಾಲ ಥೈರಾಯ್ಡಿನ ಗ್ರೇವ್ಸ್ ರೋಗ, ಲೂಪಸ್, ತೊನ್ನು ಹಿಂಗ ಆಟೋಇಮ್ಯೂನ್ ಬ್ಯಾನಿಗಳು ಒಂದೊಂದೇ ಪಟ್ಟಿಗಿ ಬಂದ್ವು. ನಿಮಗ ಥೈರಾಯ್ಡ್, ಮಗಳಿಗಿ ಟೈಪ್ 1, ಇವೆರಡೂ ಒಂದೇ ಮನಿಯೊಳಗ ಕಾಣ್ಸೋದಕ್ಕ ಇಂಥ ಹಂಚ್ಕೊಂಡ ಜೀನುಗಳೇ ಒಂದು ಕಾರಣ ಇರಬಹುದು, ಆದ್ರ ಪಿಟಿಪಿಎನ್22 ಒಂದೇ ಅಂತ ಹೇಳ್ಲಿಕ್ಕೆ ಬರಲ್ಲ.

ಈಗ ಲೆಕ್ಕಕ್ಕ ಬರೋಣ. ಆ ಟಿ ಅಕ್ಷರದ ಒಂದು ಪ್ರತಿ ಇದ್ದವರಿಗಿ ಟೈಪ್ 1 ಬರೋ ಸಾಧ್ಯತಾ ಸುಮಾರು ಎರಡು ಪಟ್ಟು ಅಂತಾರ. ಎರಡು ಪಟ್ಟು ಅಂತ ಕೇಳಿದ್ರ ಎದಿ ಝಲ್ ಅಂತದ, ಖರೇ. ಆದ್ರ ಅಮೆರಿಕದಂಥ ದೇಶದಾಗ ಸಾಮಾನ್ಯ ಮಂದಿಯೊಳಗ ಸಾವಿರಕ್ಕ ಮೂರು ನಾಕು ಜನಕ್ಕ ಟೈಪ್ 1 ಬರ್ತದ, ಅದರ ಎರಡು ಪಟ್ಟು ಅಂದ್ರ ಸಾವಿರಕ್ಕ ಏಳೆಂಟು. ಅಂದ್ರ ಆ ಅಕ್ಷರ ಹೊತ್ಕೊಂಡಿರೋ ಸಾವಿರ ಮಂದಿಯೊಳಗ 990ಕ್ಕೂ ಹೆಚ್ಚು ಮಂದಿ ಜೀವನಪೂರ್ತಿ ಟೈಪ್ 1 ಇಲ್ದೇ ಇರ್ತಾರ. ಇನ್ನೊಂದು ಕಡಿಯಿಂದ ನೋಡಿದ್ರ ಟೈಪ್ 1 ಇರೋ ಎಷ್ಟೋ ಮಕ್ಕಳಲ್ಲಿ ಆ ಅಕ್ಷರ ಇರೋದೇ ಇಲ್ಲ. ರಿಪೋರ್ಟ್ ಪಾಸಿಟಿವ್ ಬಂದ್ರ ನೀವು ರಾತ್ರಿ ನಿದ್ದಿಗೆಡ್ತೀರಿ, ನೆಗೆಟಿವ್ ಬಂದ್ರ ಇನ್ನೇನೂ ಆಗಲ್ಲ ಅಂತ ಮೈಮರೀತೀರಿ, ಎರಡೂ ತಪ್ಪು, ಮತ್ತ ಎರಡನೇದು ಜಾಸ್ತಿ ಅಪಾಯ.

ಇನ್ನೊಂದು ಮಾತು, ಇದು ಭಾಳ ಮುಖ್ಯ, ಲ್ಯಾಬಿನವರು ಹೇಳಲ್ಲ. ಆ ಟಿ ಅಕ್ಷರ ಎಲ್ಲಾ ದೇಶದಾಗ ಒಂದೇ ಸಮ ಇಲ್ಲ. ಉತ್ತರ ಯುರೋಪಿನ್ಯಾಗ ಹತ್ತು ಮಂದಿಯೊಳಗ ಒಬ್ಬಿಬ್ಬರಿಗಿ ಇರ್ತದ, ಫಿನ್ಲೆಂಡ್ ಕಡಿ ಇನ್ನೂ ಜಾಸ್ತಿ, ದಕ್ಷಿಣ ಯುರೋಪಿಗಿ ಇಳಿದಂಗ ಕಮ್ಮಿ ಆಗ್ತದ, ಜಪಾನ್ ಚೀನಾದಾಗ ಇಲ್ಲ ಅಂದ್ರೂ ನಡೀತದ, ನಮ್ಮ ದೇಶದಾಗೂ ಅದು ವಿರಳ. ಜಪಾನಿನ್ಯಾಗ ಟೈಪ್ 1 ಇರೋ ಮಕ್ಕಳು ಇದ್ದಾರ, ನಮ್ಮ ಕಲಬುರಗಿಯಾಗೂ ಇದ್ದಾರ, ಅಂದ್ರ ಈ ಅಕ್ಷರ ಇಲ್ದೇನೂ ಬ್ಯಾನಿ ಬರ್ತದ ಅಂದಂಗಾಯ್ತಲ್ರಿ. ಹಂಗಾಗಿ ಯುರೋಪಿನ ಮಂದಿ ನೋಡಿ ಮಾಡಿದ ಒಂದು ಟೆಸ್ಟನ್ನ ತಂದು ಆಳಂದದ ಕೂಸಿನ ಮ್ಯಾಲ ಹಾಕಿ ಭವಿಷ್ಯ ಹೇಳೋದು ನನಗ ಸರಿ ಕಾಣಲ್ಲ. (ಇದೇ ಅಕ್ಷರ ಇದ್ದವರಿಗಿ ಟಿಬಿ ಸ್ವಲ್ಪ ಕಮ್ಮಿ ಬರ್ತದ ಅಂತ ಕೊಲಂಬಿಯಾ, ಮೊರಾಕೊ, ಬ್ರೆಜಿಲ್ ಕಡಿಯ ಅಧ್ಯಯನಗಳು ತೋರಿಸ್ಯಾವ, ಒಂದು ಕಡಿ ಕೆಟ್ಟದ್ದು ಇನ್ನೊಂದು ಕಡಿ ಕಾಯ್ತದ, ಜೀನುಗಳನ್ನ ಒಳ್ಳೇದು ಕೆಟ್ಟದ್ದು ಅಂತ ವಿಂಗಡಿಸೋದು ಅಷ್ಟು ಸಸಾರ ಅಲ್ಲ.)

ಮತ್ತ ವಂಶದಿಂದ ಬರೋ ಅಪಾಯದಾಗ ಅರ್ಧಕ್ಕ ಅರ್ಧ ಆರನೇ ಕ್ರೋಮೋಸೋಮಿನ ಎಚ್‌ಎಲ್‌ಎ ಅನ್ನೋ ಜೀನುಗಳದ್ದೇ. ಉಳಿದ ಅರ್ಧದಾಗ ಐವತ್ತಕ್ಕೂ ಮಿಕ್ಕಿ ಸಣ್ಣ ಸಣ್ಣ ಜಾಗಗಳು, ಪಿಟಿಪಿಎನ್22 ಅದರೊಳಗಿಂದು ಒಂದು. ಜೀನೇ ಎಲ್ಲಾ ಆಗಿದ್ರ ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗಿ ಬಂದ್ರ ಇನ್ನೊಬ್ಬರಿಗಿ ಬರ್ಲೇಬೇಕಿತ್ತು, ಡಿಎನ್‌ಎ ಒಂದೇ ಇರ್ತದಲ್ಲ, ಆದ್ರ ಸುಮಾರು ಅರ್ಧದಷ್ಟು ಜೋಡಿಯೊಳಗ ಇನ್ನೊಬ್ಬರಿಗಿ ಎಷ್ಟೋ ವರ್ಷ ಬರೋದೇ ಇಲ್ಲ.

ಹಂಗಾದ್ರ ಮಗನಿಗಿ ಏನು ಮಾಡ್ಬೇಕು? ಅಣ್ಣ ತಮ್ಮ ಅಕ್ಕ ತಂಗಿಯೊಳಗ ಒಬ್ಬರಿಗಿ ಟೈಪ್ 1 ಇದ್ರ ಇನ್ನೊಬ್ಬರಿಗಿ ಬರೋ ಸಾಧ್ಯತಾ ಪಾಶ್ಚಾತ್ಯ ದೇಶಗಳ ಲೆಕ್ಕದಾಗ ನೂರಕ್ಕ ಐದಾರು. ಅಂದ್ರ ನೂರಕ್ಕ 94 ಪಾಲು ನಿಮ್ಮ ಮಗನಿಗಿ ಬರೋದಿಲ್ಲ. ಅದನ್ನೂ ಮೀರಿ ನೋಡ್ಲೇಬೇಕು ಅನಿಸಿದ್ರ ಜೀನ್ ಬ್ಯಾಡ, ಆಂಟಿಬಾಡಿ ಟೆಸ್ಟ್ ಕೇಳ್ರಿ, ಆಂಟಿಬಾಡಿ ಅಂದ್ರ ಇಂಥ ದಾಳಿ ನಡೆದಾಗ ರಕ್ತದಾಗ ಕಾಣ್ಸೋ ಪ್ರೋಟೀನು. ಗ್ಯಾಡ್, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8, ಇನ್ಸುಲಿನ್ ಆಂಟಿಬಾಡಿ ಅಂತ ನಾಕು ಅವ. ಜೀನು ಮುಂದ ಆದೀತು ಅಂತ ಹೇಳ್ತದ, ಆಂಟಿಬಾಡಿ ಈಗ ಒಳಗ ದಾಳಿ ಶುರು ಆಗ್ಯದೋ ಇಲ್ಲೋ ಅಂತ ಹೇಳ್ತದ. ಎರಡು ಅಥವಾ ಹೆಚ್ಚು ಆಂಟಿಬಾಡಿ ಇದ್ದ ಮಕ್ಕಳಲ್ಲಿ ಹತ್ತು ವರ್ಷದೊಳಗ ನೂರಕ್ಕ ಸುಮಾರು 70 ಮಕ್ಕಳಿಗಿ ಶುಗರ್ ಕಾಣಿಸ್ಕೊಂಡದ, ಅಂದ್ರ ಈ ರಿಪೋರ್ಟ್ ಖರೇನೇ ಏನೋ ಹೇಳ್ತದ. ಅದೂ ತುಟ್ಟಿ ಅನಿಸಿದ್ರ ಬಿಡ್ರಿ, ಕಣ್ಣು ತೆರ್ಕೊಂಡಿರ್ರಿ ಸಾಕು: ಕೂಸು ಪದೇ ಪದೇ ನೀರು ಕುಡೀಲಕತ್ತದ, ಹಾಸಿಗ್ಯಾಗ ಉಚ್ಚಿ ಹೊಯ್ಯೋದು ಬಿಟ್ಟಿದ್ದು ಮತ್ತ ಶುರು ಆಗ್ಯದ, ತಿಂದ್ರೂ ಮೈ ಇಳಿಲಕತ್ತದ ಅಂದ್ರ ಮಗಳ ಮೀಟರಿನ್ಯಾಗೇ ಅವನ ಬಟ್ಟೂ ಚುಚ್ಚಿ ನೋಡ್ರಿ, ಸೂಜಿ ಮಾತ್ರ ಹೊಸಾದು ಇರ್ಲಿ. 200 ದಾಟಿತ್ತಂದ್ರ ಅವತ್ತೇ ದವಾಖಾನಿಗಿ ಹೋಗ್ರಿ, ನಾಳಿ ಅನ್ಬ್ಯಾಡ್ರಿ. ವಾಂತಿ, ಹೊಟ್ಟಿಬ್ಯಾನಿ, ಜೋರಾಗಿ ಆಳವಾಗಿ ಉಸಿರಾಡೋದು, ಬಾಯಿಂದ ಕೊಳತ ಹಣ್ಣಿನ ವಾಸನಿ ಇದ್ರ ಅದು ಕೀಟೋಆಸಿಡೋಸಿಸ್, ಜೀವಕ್ಕ ಅಪಾಯ, ಸೀದಾ ದೊಡ್ಡ ದವಾಖಾನಿಗಿ ಒಯ್ರಿ, ಕಲಬುರಗಿಯಾಗ ಜಿಮ್ಸ್, ಬೀದರಿನ್ಯಾಗ ಬ್ರಿಮ್ಸ್, ಯಾದಗಿರಿಯಾಗ ಯಿಮ್ಸ್ ಅದಾವ. ಇಂಥ ಮಕ್ಕಳನ್ನ ಹೊಟ್ಟಿ ಜಡ್ಡು, ನ್ಯುಮೋನಿಯಾ ಅಂತ ತಿಳ್ಕೊಂಡು ಎರಡು ದಿನ ಸಲೈನ್ ಹಚ್ಚಿ ಕುಂದ್ರಿಸಿದ್ದನ್ನ ನಾನು ನೋಡೀನಿ, ಒಂದು ಬಟ್ಟು ಚುಚ್ಚಿದ್ರ ಒಂದು ನಿಮಿಷದಾಗ ಗೊತ್ತಾಗ್ತಿತ್ತು.

ಮಗಳದೊಂದು ಮಾತು ಬಾಕಿ ಅದ. ಟೈಪ್ 1 ಇರೋ ಮಕ್ಕಳಿಗಿ ಥೈರಾಯ್ಡ್ ಮತ್ತ ಸೀಲಿಯಾಕ್ ಅನ್ನೋ ಗೋಧಿ ಒಗ್ಗದ ಬ್ಯಾನಿ ಜೋಡಿಯಾಗಿ ಬರೋ ಸಾಧ್ಯತಾ ಇರ್ತದ, ನಿಮಗೇ ಥೈರಾಯ್ಡ್ ಇದ್ದದ್ದಕ್ಕ ಆಕಿದು ಟಿಎಸ್‌ಎಚ್ ಅನ್ನೋ ಥೈರಾಯ್ಡಿನ ರಕ್ತ ಪರೀಕ್ಷಾ ವರ್ಷಕ್ಕೊಮ್ಮೆ ಮಾಡಿಸ್ರಿ. ಜೀನ್ ಟೆಸ್ಟಿಗಿ ಹೋಲಿಸಿದ್ರ ಇದರ ಖರ್ಚು ಏನೇನೂ ಅಲ್ಲ. ಸೀಲಿಯಾಕ್ ಬಂದ್ರೂ ನಮ್ಮ ಕಡಿಯವರು ಹೆದರೋದು ಬ್ಯಾಡ, ಜೋಳದ ರೊಟ್ಟಿಯೊಳಗ ಆ ಬ್ಯಾನಿಗಿ ಒಗ್ಗದ ಗೋಧಿಯ ಗ್ಲೂಟೆನ್ ಇಲ್ಲ, ಆದ್ರ ರೊಟ್ಟಿ ತಿಂದ್ರೂ ಶುಗರ್ ಏರ್ತದ, ಇನ್ಸುಲಿನ್ ಲೆಕ್ಕ ಬಿಡಬ್ಯಾಡ್ರಿ.

ಪ್ರಶ್ನೆ: ನಮಸ್ಕಾರ ಸರ್, ಹುಮನಾಬಾದಿನಿಂದ ಬರೀಲಕತ್ತೀನಿ. ನಾನು ಸೋದರತ್ತಿ ಮಗನ್ನ ಮಾಡ್ಕೊಂಡೀನಿ. ಮಗನಿಗಿ ಟೈಪ್ 1 ಬಂದ ಮ್ಯಾಲ ಎಲ್ಲರೂ ರಕ್ತಸಂಬಂಧದಾಗ ಲಗ್ನ ಮಾಡಿದ್ದಕ್ಕೇ ಆಯ್ತು ಅಂತಾರ, ಈಗ ನಿನ್ನ ಕಡಿಯ ಜೀನೇ ಕೆಟ್ಟದ್ದು ಅಂತ ನನಗೇ ಬೊಟ್ಟು ಮಾಡ್ತಾರ. ಖರೇ ಏನ್ರಿ?

ಉತ್ತರ: ಖರೇ ಅಲ್ಲವಾ ತಂಗಿ. ನಿನ್ನ ಕಡಿ, ಅವರ ಕಡಿ ಅಂತ ಈ ಬ್ಯಾನಿಯೊಳಗ ಪಾಲು ಹಚ್ಚಲಿಕ್ಕೆ ಬರಲ್ಲ. ಮ್ಯಾಲ ಬರದಂಗ ಐವತ್ತಕ್ಕೂ ಹೆಚ್ಚು ಜಾಗದಿಂದ ಸಣ್ಣ ಸಣ್ಣದು ಕೂಡಿ ಬರೋ ಬ್ಯಾನಿ ಇದು, ಅರ್ಧ ಅವ್ವನಿಂದ ಬರ್ತದ ಅರ್ಧ ಅಪ್ಪನಿಂದ ಬರ್ತದ, ಮತ್ತ ಟೈಪ್ 1 ಬಂದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಮನಿಯಾಗ ಅಪ್ಪ ಅವ್ವ ಒಡಹುಟ್ಟಿದವರು ಯಾರಿಗೂ ಈ ಬ್ಯಾನಿ ಇರಲ್ಲ. ಹೊರಗಿನ ಲಗ್ನ ಆದವರ ಮಕ್ಕಳಿಗೂ ಬರ್ತದ. ಇದನ್ನ ಮನಿ ಮಂದಿಗಿ ಓದಿ ತೋರಿಸು, ಬೇಕಾದ್ರ ಅವರನ್ನ ಕರ್ಕೊಂಡು ನಿಮ್ಮ ಡಾಕ್ಟರ್ ಹತ್ರ ಹೋಗು, ಎದುರಿಗೇ ಹೇಳ್ಸು. ಮಗನಿಗಿ ಸೂಜಿ ಮಾಡೋ ಕೈಗೆ ಮನಿಯವರ ಆಸರ ಬೇಕು, ಅಪವಾದ ಅಲ್ಲ.

ಆದ್ರ ಒಂದು ವಿಷಯ ಮುಚ್ಚಿಡಲ್ಲ. ಕೂಸು ಹುಟ್ಟಿ ಆರು ತಿಂಗಳೊಳಗ ಶುಗರ್ ಬಂದ್ರ ಅದು ಸಾಮಾನ್ಯವಾಗಿ ಟೈಪ್ 1 ಅಲ್ಲ, ಒಂದೇ ಜೀನ್ ಕೆಟ್ಟು ಬಂದ ಬ್ಯಾರೆ ರೋಗ, ಮತ್ತ ಅಂಥವು ಕೆಲವು ಒಳಸಂಬಂಧದ ಲಗ್ನದಾಗ ಖರೇನೇ ಜಾಸ್ತಿ ಕಾಣ್ತಾವ. ವಾಲ್ಕಾಟ್-ರ‍್ಯಾಲಿಸನ್ ಅಂತ ಒಂದು ಅದ, ಅದರಾಗ ಕೆಟ್ಟಿರೋದು ಪರ್ಕ್ ಅನ್ನೋ ಇನ್ನೊಂದು ಸಿಗ್ನಲ್ ಎಂಜೈಮಿನ ಜೀನು. ವೋಲ್ಫ್ರಮ್ ಅಂತ ಇನ್ನೊಂದು, ಶುಗರ್ ಜೋಡಿ ಕಣ್ಣೂ ಮಂಜಾಗ್ತದ, ಅದು ಸ್ವಲ್ಪ ದೊಡ್ಡ ಮಕ್ಕಳಲ್ಲಿ. ಇಂಥ ಕಡಿ ಜೀನ್ ಟೆಸ್ಟ್ ಮಾಡಿಸ್ಲೇಬೇಕು, ನಾನು ಜೀನ್ ಟೆಸ್ಟಿನ ವೈರಿ ಅಲ್ಲ. ಯಾಕಂದ್ರ ಆರು ತಿಂಗಳೊಳಗಿನ ಕೂಸುಗಳಲ್ಲಿ ಕೆಸಿಎನ್‌ಜೆ11, ಎಬಿಸಿಸಿ8 ಅನ್ನೋ ಜೀನು ಕೆಟ್ಟಿದ್ರ ಎಷ್ಟೋ ಸಲ ಇನ್ಸುಲಿನ್ ಸೂಜಿ ಬಿಟ್ಟು ಗುಳಿಗಿ ಮ್ಯಾಲೇ ಸಾಕಬಹುದು, 2006ರಿಂದ ಇದು ಗೊತ್ತಾಗ್ಯದ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ್ಯಾಗ ಇಂಥ ಪರೀಕ್ಷಾ ಮಾಡ್ತಾರ. ನಿನ್ನ ಮಗನಿಗಿ ಯಾವ ವಯಸ್ಸಿನ್ಯಾಗ ಬಂತು ಅಂತ ನೀ ಬರ್ದಿಲ್ಲ, ಆರು ತಿಂಗಳೊಳಗ ಬಂದಿತ್ತಂದ್ರ, ಇಲ್ಲಾ ಶುಗರ್ ಜೋಡಿ ಕಣ್ಣೂ ಮಂಜಾಗ್ಲಕತ್ತದ ಅಂದ್ರ ಮಾತ್ರ ಡಾಕ್ಟರಿಗಿ ಇದನ್ನ ಕೇಳು.

ಪ್ರಶ್ನೆ: ಸರ್, ನಾನು ಕಲಬುರಗಿಯಾಗ ಎಂಎಸ್ಸಿ ಮಾಡ್ತೀನಿ. ಪಿಟಿಪಿಎನ್22 ಬದಲಾದವರಲ್ಲಿ ಬ್ರೇಕ್ ಜಾಸ್ತಿ ಆಗ್ತದೋ ಕಮ್ಮಿ ಆಗ್ತದೋ? ಒಂದೊಂದು ಪೇಪರ್ ಒಂದೊಂದು ಹೇಳ್ತದ. ಮತ್ತ ಇದಕ್ಕ ಔಷಧಿ ಯಾಕ ಬಂದಿಲ್ಲ?

ಉತ್ತರ: ಛಲೋ ಪ್ರಶ್ನೆ, ಮತ್ತ ಪೇಪರುಗಳು ಜಗಳಾಡ್ತಾವ ಅಂತ ಗುರುತು ಹಿಡಿದದ್ದು ಇನ್ನೂ ಛಲೋ. 2005ರಾಗ ಬಂದ ಕೆಲಸದ ಪ್ರಕಾರ 620ರಾಗ ಟ್ರಿಪ್ಟೋಫ್ಯಾನ್ ಇರೋ ಲಿಪ್ ಹೆಚ್ಚು ಚುರುಕು, ಸಿಗ್ನಲ್ ಇನ್ನೂ ಜಾಸ್ತಿ ತಗ್ಗಿಸ್ತದ. ಬ್ರೇಕ್ ಬಿಗಿ ಆದ್ರ ಆಟೋಇಮ್ಯೂನ್ ಕಮ್ಮಿ ಆಗ್ಬೇಕಲ್ಲ ಅಂತ ಅನಿಸ್ತದ. ಆದ್ರ ಎದಿಯೊಳಗಿನ ಥೈಮಸ್ ಅನ್ನೋ ಗ್ರಂಥಿಯೊಳಗ ಟಿ ಸೆಲ್ಲುಗಳು ಬೆಳೆಯೋ ಹೊತ್ತಿನ್ಯಾಗ, ನಮ್ಮ ಮೈಯನ್ನೇ ಕಚ್ಚೋ ಸೆಲ್ಲು ಜೋರು ಸಿಗ್ನಲ್ ಕೊಟ್ರನೇ ಸಿಕ್ಕಿಬಿದ್ದು ಸಾಯ್ತದ, ಸಿಗ್ನಲ್ ಮೆತ್ತಗಿದ್ರ ಪಾರಾಗಿ ಹೊರಗ ಬಂದುಬಿಡ್ತದ. ಆಂಟಿಬಾಡಿ ಮಾಡೋ ಬಿ ಸೆಲ್ಲಿನಲ್ಲೂ ಹಂಗೇ, ಈ ಅಕ್ಷರ ಇರೋ ಆರೋಗ್ಯವಂತರಲ್ಲೂ ತನ್ನನ್ನೇ ಗುರಿ ಮಾಡೋ ಬಿ ಸೆಲ್ಲು ಜಾಸ್ತಿ ಕಂಡಾವ. 2011ರಾಗ ಇನ್ನೊಂದು ತಂಡ ಉಲ್ಟಾ ಹೇಳ್ತು, ಬದಲಾದ ಪ್ರೋಟೀನು ಕ್ಯಾಲ್ಪೇನ್ ಅನ್ನೋ ಎಂಜೈಮಿಗಿ ಸಿಕ್ಕು ಲಗೂ ಹಾಳಾಗ್ತದ, ಹಂಗಾಗಿ ಬ್ರೇಕ್ ಕಮ್ಮಿ ಅಂತ. ನನ್ನ ಅಭಿಪ್ರಾಯ ಕೇಳಿದ್ರ, ಯಾವ ಸೆಲ್ಲು, ಯಾವ ವಯಸ್ಸು, ಯಾವ ಹೊತ್ತು ಅನ್ನೋದರ ಮ್ಯಾಲ ಪರಿಣಾಮ ಬದಲಾಗ್ತದ, ಒಂದೇ ಉತ್ತರ ಹುಡುಕೋದೇ ದಾರಿ ತಪ್ಪಿಸ್ತದ. ನೀವು ಓದುವಾಗ ಇಲಿಯ ಪ್ರಯೋಗನೋ ಮನುಷ್ಯರ ರಕ್ತನೋ ಅಂತ ಮೊದಲು ನೋಡ್ರಿ, ಅರ್ಧ ಗೊಂದಲ ಅಲ್ಲೇ ಬಗಿಹರೀತದ.

ಔಷಧಿ ವಿಷಯಕ್ಕ ಬಂದ್ರ ಫಾಸ್ಫಟೇಸುಗಳ, ಅಂದ್ರ ಲಿಪ್ಪಿನಂಗ ಫಾಸ್ಫೇಟ್ ಕೀಳೋ ಎಂಜೈಮುಗಳ, ಕೆಲಸದ ಜಾಗ ಒಂದರದು ಇನ್ನೊಂದರಂಗೇ ಇರ್ತದ, ಒಂದನ್ನೇ ಆರಿಸಿ ತಡಿಯೋದು ಕಷ್ಟ, ಮತ್ತ ಆ ಜಾಗಕ್ಕ ಕೂಡೋ ಕಣಗಳಿಗಿ ಚಾರ್ಜ್ ಜಾಸ್ತಿ, ಸೆಲ್ಲಿನೊಳಗ ಹೋಗೋದೇ ಇಲ್ಲ. ತಡೀಬೇಕೋ ಹೆಚ್ಚಿಸ್ಬೇಕೋ ಅನ್ನೋದೇ ಮ್ಯಾಲ ಹೇಳಿದಂಗ ಜಗಳದಾಗ ಅದ. ಕ್ಯಾನ್ಸರ್ ಕಡಿಯವರು ಮಾತ್ರ ಇದನ್ನ ತಡೀಲಿಕ್ಕೆ ನೋಡ್ಲಕತ್ತಾರ, ಅವರಿಗಿ ಟಿ ಸೆಲ್ಲು ಗಡ್ಡಿ ಮ್ಯಾಲ ಬೀಳ್ಬೇಕಲ್ಲ. ಆದ್ರ ಟಿ ಸೆಲ್ಲಿನ ಸಿಗ್ನಲ್ಲುಗಳ ಬ್ಯಾರೆ ಬ್ಯಾರೆ ಜಾಗದಾಗ ಕೈ ಹಾಕಿದ ಔಷಧಿ ಬಂದಾವ. ಟೆಪ್ಲಿಜುಮ್ಯಾಬ್ ಅನ್ನೋದು ಟಿ ಸೆಲ್ ರಿಸೆಪ್ಟರಿನ ಸಿಡಿ3 ಭಾಗದ ಮ್ಯಾಲ ಕುಂದ್ರತದ, 2019ರಾಗ 76 ಮಂದಿ ಮ್ಯಾಲ ನಡೆದ ಪ್ರಯೋಗದಾಗ ರೋಗ ಪೂರ್ತಿ ಬರೋದನ್ನ ಸುಮಾರು ಎರಡು ವರ್ಷ ಮುಂದ ಹಾಕ್ತು, 2022ರ ನವೆಂಬರಿನ್ಯಾಗ ಅಮೆರಿಕದಾಗ ಮಂಜೂರಾಯ್ತು. ಎರಡು ವರ್ಷ ಏನು ದೊಡ್ಡದು ಅನ್ನಬ್ಯಾಡ್ರಿ, ಎಂಟು ವರ್ಷದ ಕೂಸು ಹತ್ತು ವರ್ಷದ್ದಾಗೋತನಕ ಸೂಜಿ ಇಲ್ದೇ ಆಡ್ತದ. ಬ್ಯಾರಿಸಿಟಿನಿಬ್ ಅನ್ನೋ ಗುಳಿಗಿ ಸೆಲ್ಲಿನೊಳಗ ಸಿಗ್ನಲ್ ಒಯ್ಯೋ ಜ್ಯಾಕ್ ಅನ್ನೋ ಎಂಜೈಮುಗಳನ್ನ ತಡೀತದ, 2023ರಾಗ ಆಸ್ಟ್ರೇಲಿಯಾದ 91 ಮಂದಿಯೊಳಗ, ಹೊಸದಾಗಿ ಟೈಪ್ 1 ಬಂದವರಲ್ಲಿ, ಉಳಿದಿರೋ ಇನ್ಸುಲಿನ್ ಶಕ್ತಿಯನ್ನ 48 ವಾರ ಕಾಯ್ದು ಇಟ್ಟದ್ದು ಕಂಡಿತು. ಮತ್ತ ಅದೇ ಜ್ಯಾಕ್ ಕುಟುಂಬದ ಟಿವೈಕೆ2 ಜೀನಿನ್ಯಾಗ ಒಂದು ಬದಲಾವಣಿ ಹುಟ್ಟಿನಿಂದ ಇದ್ದವರಿಗಿ ಟೈಪ್ 1 ಕಮ್ಮಿ ಬರ್ತದ. ಜೀನುಗಳ ಈ ಹುಡುಕಾಟದ ಖರೇ ಲಾಭ ಇಲ್ಲೇ ಅದ ಅಂತ ನಾ ನಂಬ್ತೀನಿ, ಎಲ್ಲಿ ತಡಿದ್ರ ದಾಳಿ ನಿಂತೀತು ಅಂತ ದಾರಿ ತೋರಿಸ್ತದ. ಪಿಎಚ್‌ಡಿ ಮಾಡೋ ಮನಸ್ಸಿದ್ರ ನಮ್ಮ ಭಾಗದ ಮಕ್ಕಳಲ್ಲಿ ಯಾವ ಜೀನು ಕೆಲಸ ಮಾಡ್ತದ ಅನ್ನೋದನ್ನ ಹಿಡೀರಿ, ಯುರೋಪಿನ ಪಟ್ಟಿ ನಮಗ ಪೂರ್ತಿ ಹೊಂದಲ್ಲ.

ಪ್ರಶ್ನೆ: ಶಹಾಪುರದಿಂದ. ಮೊಮ್ಮಗಳಿಗಿ ಹನ್ನೆರಡು ವರ್ಷ, ಎರಡು ತಿಂಗಳಿಂದ ಇನ್ಸುಲಿನ್. ಈಗ ಶುಗರ್ ಭಾಳ ಕಮ್ಮಿ ಬರ್ಲಕತ್ತದ, ಡೋಸೂ ಇಳಿಸ್ಯಾರ. ಒಬ್ಬರು ಬೇರಿನ ಔಷಧಿ ಕೊಡ್ತಾರ, ಇನ್ಸುಲಿನ್ ಬಂದ್ ಮಾಡ್ರಿ ಬ್ಯಾನಿ ಹೋಗ್ಲಕತ್ತದ ಅಂತಾರ. ಬಂದ್ ಮಾಡ್ಲೇನ್ರಿ? ನಮ್ಮ ಮನಿಯಾಗ ಫ್ರಿಜ್ಜೂ ಇಲ್ಲ.

ಉತ್ತರ: ಮುತ್ಯಾರ, ಕೈ ಮುಗಿದು ಕೇಳ್ತೀನಿ, ಬಂದ್ ಮಾಡಬ್ಯಾಡ್ರಿ. ಒಂದು ದಿನಾನೂ ಬ್ಯಾಡ. ಈಗ ಶುಗರ್ ಕಮ್ಮಿ ಬರೋದು ಬೇರಿನಿಂದಲ್ಲ, ಇದಕ್ಕ ಡಾಕ್ಟರು ಹನಿಮೂನ್ ಹಂತ ಅಂತಾರ: ಹೊರಗಿಂದ ಇನ್ಸುಲಿನ್ ಸಿಕ್ಕ ಮ್ಯಾಲ, ಇನ್ನೂ ಉಳಿದಿರೋ ಬೀಟಾ ಕಣಗಳಿಗಿ ಸ್ವಲ್ಪ ಆರಾಮ ಸಿಕ್ಕು ಅವು ಮತ್ತ ಕೆಲಸ ಶುರು ಮಾಡ್ತಾವ, ಕೆಲವು ವಾರ, ಕೆಲವು ತಿಂಗಳು, ಒಮ್ಮೊಮ್ಮೆ ವರ್ಷ ದಾಟ್ತದ, ಆಮ್ಯಾಲ ಮುಗೀತದ. ಬೇರು ಕೊಡೋರು ಸರಿಯಾಗಿ ಈ ಹೊತ್ತಿಗೇ ಬರ್ತಾರ, ಹೆಸರು ಅವರಿಗಿ ಹೋಗ್ತದ, ಮುಂದ ಕೂಸು ಕೋಮಾಕ್ಕ ಹೋದ್ರ ಅವರು ಸಿಗಲ್ಲ. 1922ರ ಜನವರಿಯಾಗ ಟೊರಾಂಟೋದಾಗ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗಿ ಮೊದಲ ಸಲ ಇನ್ಸುಲಿನ್ ಕೊಟ್ರು, ಅದಕ್ಕಿಂತ ಮೊದಲು ಈ ಬ್ಯಾನಿ ಬಂದ ಮಕ್ಕಳು ಉಪಾಸ ಇದ್ದು ಇದ್ದು ಸಾಯ್ತಿದ್ದರು, ಜಗತ್ತಿನ ಎಲ್ಲಾ ಬೇರೂ ಆವಾಗಲೂ ಇದ್ವು. ಡೋಸು ಇಳಿಸೋದು ಏರಿಸೋದು ನಿಮ್ಮ ಡಾಕ್ಟರ್ ಮಾಡ್ಲಿ, ಜ್ವರ ಬಂದು ಊಟ ಬಿಟ್ಟ ದಿನಾನೂ ಪೂರ್ತಿ ನಿಲ್ಲಿಸಬ್ಯಾಡ್ರಿ. ಶುಗರ್ 70ಕ್ಕಿಂತ ಕೆಳಗ ಇಳಿದು ಮೈ ನಡುಗಿದ್ರ, ಬೆವತ್ರ, ಮೂರು ಚಮಚ ಸಕ್ಕರಿ ನೀರಾಗ ಕಲಸಿ ಕುಡಿಸ್ರಿ, ಹದಿನೈದು ನಿಮಿಷ ಬಿಟ್ಟು ಮತ್ತ ನೋಡ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಸೀದಾ ದವಾಖಾನಿಗಿ ಒಯ್ರಿ.

ಫ್ರಿಜ್ ಇಲ್ಲಂದ್ರ ಮಣ್ಣಿನ ಗಡಗಿ ಸಾಕು. ದೊಡ್ಡ ಗಡಗಿಯೊಳಗ ಸಣ್ಣ ಗಡಗಿ ಇಟ್ಟು ನಡುವ ಮರಳು ತುಂಬಿ ದಿನಾ ಎರಡು ಸಲ ನೀರು ಹಾಕ್ರಿ, ಬಾಟಲಿಯನ್ನ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಒಳಗಿನ ಗಡಗಿಯಾಗ ಇಡ್ರಿ, ಮ್ಯಾಲ ಒದ್ದಿ ಅರಿವಿ ಮುಚ್ಚಿ ಗಾಳಿ ಆಡೋ ನೆರಳಾಗ ಇರ್ಲಿ. ನಮ್ಮ ಕಡಿ ಬ್ಯಾಸಗಿಯಾಗ 42, 43 ಡಿಗ್ರಿ ಹೋಗ್ತದ, ತಗಡಿನ ಮನಿಯಾಗ ಮಾಡದಾಗ ಇಟ್ಟ ಇನ್ಸುಲಿನ್ ಶಕ್ತಿ ಕಳ್ಕೋತದ, ನೋಡ್ಲಿಕ್ಕೆ ಹಂಗೇ ಇದ್ರೂ ಒಳಗ ಸತ್ತಿರ್ತದ. ಒಂದೇ ಸಲ ಭಾಳ ಬಾಟಲಿ ತರಬ್ಯಾಡ್ರಿ, ತೆರೆದ ಬಾಟಲಿ ಮ್ಯಾಲ ತಾರೀಖು ಬರೀರಿ, 28 ದಿನ ಆದ ಮ್ಯಾಲ ಬಿಡ್ರಿ. ಊರಾಗ ಯಾರದರ ಫ್ರಿಜ್ಜಿನ್ಯಾಗ ಹೊಸ ಬಾಟಲಿ ಇಡೋದಿದ್ರ ಬಾಗಿಲ ಹತ್ರ ಇಡ್ರಿ, ಬರ್ಫ್ ಕಟ್ಟೋ ಮ್ಯಾಲಿನ ಖಾನೆಯಾಗ ಬ್ಯಾಡ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಉಪಯೋಗಿಲ್ಲ.